ಗಾಳಿಯನ್ನು ಮನೆಗಿಳಿಸುವ ಗೋಪುರ

ಪ್ರಶ್ನೆ: ಇರಾನಿನ ಯಜ್ದ್ ನಗರದ ಹಳೆಯ ಮನೆಗಳು ಮರುಭೂಮಿಯ ಬೇಗೆಯಲ್ಲಿ ವಿದ್ಯುತ್ತಿಲ್ಲದೆಯೂ ತಂಪಾಗಿರುವುದು ಹೇಗೆ?

ಉತ್ತರ: ದಪ್ಪನಾದ ಮಣ್ಣಿನ ಗೋಡೆಗಳು ಹಗಲಿನ ಉಷ್ಣವನ್ನು ತಡೆಹಿಡಿಯುವುದು ನಿಜವೇ ಆದರೂ, ಅಲ್ಲಿಯ ನಿಜವಾದ ಶಿಲ್ಪಚಾತುರ್ಯವಿರುವುದು ಮಾಳಿಗೆಯ ಮೇಲಣ ‘ಬಾದ್‌ಗೀರ್’ ಗೋಪುರಗಳಲ್ಲಿ. ಎತ್ತರದಲ್ಲಿ ಬೀಸುವ ಗಾಳಿಯು ಗೋಪುರದ ನೀಳವಾದ ಗಂಡಿಗಳಿಂದ ಒಳಹೊಕ್ಕು, ಅಡ್ಡಗೋಡೆಗಳ ನಡುವೆ ಕೆಳಗಿಳಿದು, ಎಷ್ಟೋ ಮನೆಗಳಲ್ಲಿ ಕೊಳದ ನೀರನ್ನು ಸವರಿ, ಆ ನೀರು ಆವಿಯಾಗುವಾಗ ತನ್ನ ಉಷ್ಣವನ್ನು ಅದಕ್ಕೊಪ್ಪಿಸಿ, ಶೀತಲವಾಗಿ ಕೋಣೆಯನ್ನು ಸೇರಲು, ಒಳಗಣ ಬಿಸಿಗಾಳಿಯು ಮತ್ತೊಂದು ಪಾರ್ಶ್ವದಿಂದ ಮೇಲೇರಿ ಹೊರಬೀಳುವುದು. ಗಾಳಿ ಸ್ತಬ್ಧವಾದಾಗಲೂ ಬಿಸಿಲಿಗೆ ಕಾದ ಗೋಪುರವು ಒಳಗಿನ ಗಾಳಿಯನ್ನು ಮೇಲಕ್ಕೆ ಸೆಳೆಯುತ್ತಿರುವುದು. ದೌಲತಾಬಾದ್ ಉದ್ಯಾನದಲ್ಲಿ ಸುಮಾರು 33 ಮೀಟರು ಎತ್ತರದ ಅಷ್ಟಕೋನಾಕೃತಿಯ ಬಾದ್‌ಗೀರ್ ಇಂದಿಗೂ ನಿಂತಿದೆ; ಇಂಥ ಭವ್ಯ ರಚನೆಯನ್ನು ಕೇವಲ ಅಲಂಕಾರವೆಂದು ಬಗೆಯುವುದು ಅನ್ಯಾಯ. ಆದರೆ ನೀರಿನ ಉಪಾಯವು ಶುಷ್ಕವಾಯುವಿನಲ್ಲಿ ಮಾತ್ರ ಚೆನ್ನಾಗಿ ಫಲಿಸುವುದಾದಕಾರಣ, ಮಂಗಳೂರಿನಂಥ ತೇವದ ಕರಾವಳಿಗೆ ಅದು ಹೊಂದದು.