ಪಾಕವಿಲ್ಲದ ಶೇಂಗಾ ಉಂಡಿ

ಬೆಳಗಾವಿಯ ವಡಗಾವಿ, ಖಾನಾಪುರ ಕಡೆ ನಾಗರ ಪಂಚಮಿಗೆ ಕಟ್ಟುವ ಶೇಂಗಾ ಉಂಡಿಗೆ ಓವನ್ ಬೇಡ, ಪಾಕವೂ ಬೇಡ. ತುಪ್ಪ ಹಾಕದೆ ಕಟ್ಟಿದರೆ ಹಾಲು ಒಗ್ಗದವರಿಗೂ, ಗೋಧಿ ಬಿಟ್ಟವರಿಗೂ, ವೀಗನ್ ಊಟದವರಿಗೂ ಅದು ಹೊಂದುತ್ತದೆ. ಬೆಳಗಾವಿಯ ಇನ್ನೊಂದು ಸಿಹಿ ಕುಂದಾ ಹಾಗಲ್ಲ, ಅದರ ಜೀವಾಳವೇ ಹಾಲು.

ಎರಡು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಸಿಪ್ಪೆ ತೆಗೆಯಬೇಕು. ತರಿತರಿಯಾಗಿ ಕುಟ್ಟಿ, ಒಂದು ಬಟ್ಟಲು ಬೆಲ್ಲದ ಪುಡಿ, ಯಾಲಕ್ಕಿ ಸೇರಿಸಿ ಮತ್ತೆ ಕುಟ್ಟಿದರೆ ಶೇಂಗಾದ ಎಣ್ಣೆಯೇ ಬಿಟ್ಟುಕೊಂಡು ಉಂಡಿ ಕಟ್ಟಲು ಬರುತ್ತದೆ. ಮಿಕ್ಸರ್ ಆದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಒಂದೇ ಸಮನೆ ಓಡಿಸಿದರೆ ಬೆಣ್ಣೆಯಂತಾಗಿ ಉಂಡಿ ನಿಲ್ಲದು.

ಬೆಲ್ಲವೂ ಸಕ್ಕರೆಯೇ. ಮಧುಮೇಹಿಗಳಿಗೆ ಬೆಲ್ಲ ಕಡಿಮೆ ಮಾಡಿದ, ನೆಲ್ಲಿಕಾಯಿ ಗಾತ್ರದ ಒಂದೇ ಉಂಡಿ ಸಾಕು, ಅದೂ ವೈದ್ಯರನ್ನು ಕೇಳಿ. ಶೇಂಗಾ ಅಲರ್ಜಿ ಇದ್ದವರಿಗೆ ಇದನ್ನು ಕೊಡಲೇಬಾರದು.