ಗ್ರೀನ್ ಕಾರ್ಡ್ ಇದ್ದೂ ಊರಿನಲ್ಲೇ ಹೆಚ್ಚು ದಿನ ಉಳಿಯುವ ಹಿರಿಯರು ತಿಳಿದಿರಬೇಕಾದದ್ದು

ಕುದೂರು, ಸೋಲೂರು, ಮಾಗಡಿ ಕಡೆಯ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವುದು ಈಗ ಹೊಸ ಸಂಗತಿಯಲ್ಲ. ಮಕ್ಕಳು ಅಲ್ಲಿನ ಪೌರತ್ವ ಪಡೆದ ಮೇಲೆ ಅಪ್ಪ-ಅಮ್ಮನಿಗೂ ಗ್ರೀನ್ ಕಾರ್ಡ್ ಮಾಡಿಸುತ್ತಾರೆ. 21 ವರ್ಷ ತುಂಬಿದ ಪೌರರು ತಂದೆ-ತಾಯಿಗಾಗಿ ಹಾಕುವ ಅರ್ಜಿಗೆ ವಾರ್ಷಿಕ ಮಿತಿ ಇಲ್ಲ. ಹಾಗಾಗಿ ಉಳಿದ ಬಂಧುಗಳಂತೆ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿಲ್ಲ. ತೊಂದರೆ ಶುರುವಾಗುವುದು ಕಾರ್ಡ್ ಕೈಗೆ ಬಂದ ನಂತರ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುದೂರಿನ ದಂಪತಿ ಕಾರ್ಡ್ ಪಡೆದು, ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಊರಿಗೆ ಮರಳಿದರು. ರಾಗಿ ಕೊಯ್ಲು, ಒಕ್ಕಣೆ ಮುಗಿಯಲಿ ಎಂದರು. ಆಮೇಲೆ ತೆಂಗಿನ ತೋಟದ ಬೋರ್‌ವೆಲ್ ಕೈಕೊಟ್ಟಿತು. ಅಷ್ಟರಲ್ಲಿ ಅಮ್ಮನಿಗೆ ಮಂಡಿ ಆಪರೇಷನ್. ನೋಡನೋಡುತ್ತಲೇ 14 ತಿಂಗಳು ಕಳೆಯಿತು. ಕಾರ್ಡ್ ಮೇಲೆ ಹತ್ತು ವರ್ಷದ ಅವಧಿ ಅಚ್ಚಾಗಿದೆಯಲ್ಲ, ಇನ್ನೇನು ಚಿಂತೆ ಎಂದುಕೊಂಡಿದ್ದರು.

ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ. ಆ ಹತ್ತು ವರ್ಷ ಕಾರ್ಡಿನ ಆಯಸ್ಸು ಮಾತ್ರ. ಗ್ರೀನ್ ಕಾರ್ಡ್ ಎಂದರೆ ಬೇಕಾದಾಗ ಹೋಗಿಬರುವ ವೀಸಾ ಅಲ್ಲ. ಅಮೆರಿಕವೇ ನನ್ನ ಕಾಯಂ ವಾಸಸ್ಥಳ ಎಂದು ಆ ದೇಶಕ್ಕೆ ಕೊಟ್ಟ ಮಾತು. ಹೊರಗೆ 180 ದಿನ ಮೀರಿದರೆ ವಿಮಾನ ನಿಲ್ದಾಣದ ಅಧಿಕಾರಿ ನಿಮ್ಮನ್ನು ಹೊಸದಾಗಿ ಪ್ರವೇಶ ಕೇಳುವವರಂತೆ ಪರಿಗಣಿಸಿ ಪ್ರಶ್ನಿಸಬಹುದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಬರೀ ಕಾರ್ಡ್ ತೋರಿಸಿ ಒಳಹೋಗುವಂತಿಲ್ಲ.

'ಆರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬಂದರೆ ಸಾಕು' ಎಂಬ ಮಾತು ನಮ್ಮಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಇದನ್ನು ನಂಬಿ ಕೂರಬೇಡಿ. ಎರಡು ವಾರ ಅಲ್ಲಿ, ಐದೂವರೆ ತಿಂಗಳು ಇಲ್ಲಿ ಎಂಬ ಓಡಾಟ ವರ್ಷಾನುಗಟ್ಟಲೆ ನಡೆದರೆ, ನಿಮ್ಮ ನಿಜವಾದ ಮನೆ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಬ್ಯಾಂಕ್ ಖಾತೆ, ವಿಳಾಸ, ಆರೋಗ್ಯ ವಿಮೆ, ತೆರಿಗೆ ವಿವರ ಇವೆಲ್ಲ ಅಲ್ಲಿದ್ದರೆ ಉತ್ತರ ಸುಲಭ. ಚಾತುರ್ಮಾಸಕ್ಕೆ ಊರಿನಲ್ಲಿರಬೇಕು ಎನ್ನುವವರಿಗೆ ನಾಲ್ಕು ತಿಂಗಳು ಸಾಕು, ಅದೇನೂ ಅಡ್ಡಿಯಲ್ಲ.

ಒಂದು ವರ್ಷ ಮೀರಬಹುದೆಂಬ ಅಂದಾಜು ಮೊದಲೇ ಇದ್ದರೆ ರೀಎಂಟ್ರಿ ಪರ್ಮಿಟ್ ಮಾಡಿಸಿಕೊಳ್ಳಿ. ಇದಕ್ಕೆ ಐ-131 ಎಂಬ ಅರ್ಜಿ. ಸಲ್ಲಿಸುವ ದಿನ ನೀವು ಅಮೆರಿಕದ ನೆಲದ ಮೇಲೇ ಇರಬೇಕು. ಊರಿಗೆ ಬಂದು ನೆನಪಾದರೆ ಪ್ರಯೋಜನವಿಲ್ಲ. ಬೆರಳಚ್ಚಿಗೆ ಕರೆದರೆ ಅದನ್ನೂ ಅಲ್ಲೇ ಕೊಟ್ಟು ಹೊರಡಬೇಕು. ಪರ್ಮಿಟ್ ಬರುವವರೆಗೆ ಅಲ್ಲೇ ಕಾಯಬೇಕಿಲ್ಲ, ಅರ್ಜಿಯಲ್ಲಿ ಕೇಳಿಕೊಂಡರೆ ಹೊರದೇಶದ ಕಾನ್ಸುಲೇಟ್‌ಗೆ ಕಳುಹಿಸುತ್ತಾರೆ. ಅವಧಿ ಸಾಮಾನ್ಯವಾಗಿ 2 ವರ್ಷ. ಅದನ್ನು ವಿಸ್ತರಿಸಲಾಗದು, ಬೇಕಿದ್ದರೆ ಮತ್ತೆ ಅಲ್ಲಿಗೆ ಹೋಗಿ ಹೊಸದಾಗಿ ಅರ್ಜಿ ಹಾಕಬೇಕು. ಕಾರ್ಡ್ ಪಡೆದ ಮೇಲೆ ಕಳೆದ 5 ವರ್ಷಗಳಲ್ಲಿ 4ಕ್ಕಿಂತ ಹೆಚ್ಚು ವರ್ಷ ಹೊರಗಿದ್ದವರಿಗೆ ಒಂದೇ ವರ್ಷದ್ದು ಕೊಡುತ್ತಾರೆ.

ತೆರಿಗೆಯ ವಿಷಯವನ್ನು ಮಕ್ಕಳ ತಲೆಗೆ ಬಿಟ್ಟು ಸುಮ್ಮನಾಗುವವರೇ ಹೆಚ್ಚು. ಕಾರ್ಡ್ ಇರುವವರು ಜಗತ್ತಿನ ಎಲ್ಲಿ ಬಂದ ಆದಾಯವನ್ನೂ ಅಲ್ಲಿ ತೋರಿಸಬೇಕು. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಅಲ್ಲೂ ಬಿಟ್ಟುಬಿಡುವಂತಿಲ್ಲ. ಇಲ್ಲಿನ ಖಾತೆಗಳು, ಠೇವಣಿಗಳು ಒಟ್ಟು ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಪ್ರತ್ಯೇಕ ವರದಿ ಕೊಡಬೇಕು. ಹಣ ಉಳಿಸಲು ಹೋಗಿ 'ನಾನು ಅಲ್ಲಿನ ನಿವಾಸಿಯಲ್ಲ' ಎಂದು ತೆರಿಗೆ ಪತ್ರದಲ್ಲಿ ಬರೆದರೆ, ನಿವಾಸ ತೊರೆದಿದ್ದೀರಿ ಎನ್ನಲು ಅದೇ ಸಾಕ್ಷಿಯಾದೀತು.

ಇನ್ನೊಂದು ಎಚ್ಚರ. ನಿಲ್ದಾಣದಲ್ಲಿ ಐ-407 ಎಂಬ ಹಾಳೆ ಮುಂದಿಟ್ಟು ಸಹಿ ಕೇಳಿದರೆ, ಅದು ಗ್ರೀನ್ ಕಾರ್ಡನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಪತ್ರ ಎಂಬುದು ನೆನಪಿರಲಿ. ಸಹಿ ಕಡ್ಡಾಯವಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ನಿಮಗಿದೆ. ಹದಿನೆಂಟು-ಇಪ್ಪತ್ತು ಗಂಟೆ ಪ್ರಯಾಣ ಮಾಡಿ ದಣಿದ ಹಿರಿಯರು ಗಾಬರಿಯಲ್ಲಿ ಸಹಿ ಹಾಕಿಬಿಡುವ ಸಾಧ್ಯತೆ ಹೆಚ್ಚು. ಇಂಗ್ಲಿಷ್ ಬಾರದಿದ್ದರೆ ದುಭಾಷಿ ಬೇಕೆಂದು ಕೇಳಿ.

ನಮ್ಮ ಉದಾಹರಣೆಯ ದಂಪತಿಗೆ ಉಳಿದಿರುವ ದಾರಿ ಎಸ್‌ಬಿ-1 ಎಂಬ ಮರಳುವ ನಿವಾಸಿಯ ವೀಸಾ. ಅದಕ್ಕೆ ಡಿಎಸ್-117 ಅರ್ಜಿ ಸಲ್ಲಿಸಬೇಕು. ಹೊರಡುವಾಗಲೇ ಮರಳುವ ಉದ್ದೇಶವಿತ್ತು, ತಡವಾದದ್ದು ಕೈಮೀರಿದ ಕಾರಣದಿಂದ ಎಂದು ದಾಖಲೆ ಸಮೇತ ತೋರಿಸಬೇಕು. ಮಂಡಿ ಆಪರೇಷನ್‌ನ ಆಸ್ಪತ್ರೆ ಕಾಗದಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ರಾಗಿ ಒಕ್ಕಣೆ, ಬೋರ್‌ವೆಲ್ ಕಾರಣಗಳು ನಿಲ್ಲುವುದು ಕಷ್ಟ. 2020ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತಾಗ ಇಲ್ಲಿ ಸಿಕ್ಕಿಬಿದ್ದವರದು ನಿಜವಾಗಿಯೂ ಕೈಮೀರಿದ ಸ್ಥಿತಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಆಗ ವೀಸಾ ಸೇವೆ ಶುರುವಾಗಿರಲಿಲ್ಲ. ಎಲ್ಲಿ ಅರ್ಜಿ ಹಾಕಬೇಕೆಂದು ವಿಚಾರಿಸಿಕೊಂಡೇ ಹೊರಡಿ. ಎಸ್‌ಬಿ-1 ಸಿಗದಿದ್ದರೆ ಮಗಳು ಮೊದಲಿನಿಂದ ಅರ್ಜಿ ಹಾಕಬೇಕಾಗುತ್ತದೆ.

ಕೆನಡಾದ ಲೆಕ್ಕ ಬೇರೆ: 5 ವರ್ಷಗಳಲ್ಲಿ 730 ದಿನ ಅಲ್ಲಿದ್ದರೆ ಸಾಕು, ಒಟ್ಟಿಗೇ ಇರಬೇಕೆಂದಿಲ್ಲ. ತೋಟ-ಮನೆ ನೋಡಿಕೊಳ್ಳುವವರಿಗೆ ಇದು ಎಷ್ಟೋ ಅನುಕೂಲ.

ವರ್ಷಕ್ಕೆರಡು ತಿಂಗಳು ಮೊಮ್ಮಕ್ಕಳನ್ನು ನೋಡಿ ಬರುವುದಷ್ಟೇ ಆಸೆಯಾದರೆ ಗ್ರೀನ್ ಕಾರ್ಡ್ ಬೇಕೇ ಎಂದು ಮನೆಯವರೆಲ್ಲ ಕೂತು ಮಾತಾಡುವುದು ಒಳ್ಳೆಯದು. ಅದನ್ನು ತಾವಾಗಿಯೇ ಬಿಟ್ಟು ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಬಹುದು. ಸಿಕ್ಕೇ ಸಿಗುತ್ತದೆಂಬ ಖಾತರಿ ಇಲ್ಲ. ಕಳೆದ 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡಿದ್ದವರಿಗೆ ಬಿಡುವಾಗ ಬೇರೆ ತೆರಿಗೆ ನಿಯಮ ಅನ್ವಯಿಸುತ್ತದೆ. ಅಂಥವರು ಐ-407ಕ್ಕೆ ಸಹಿ ಹಾಕುವ ಮುನ್ನ ಅಲ್ಲಿನ ತೆರಿಗೆ ಬಲ್ಲ ಲೆಕ್ಕಪರಿಶೋಧಕರನ್ನು ಕಾಣಬೇಕು.