ಗ್ರೈಂಡರಿನ ಗುಂಡಿಯೂ ಜಾಲರಿಯ ಚಿತ್ರವೂ

ಮಾದಾಪುರವೆಂದೊಡನೆ ಎಲ್ಲರ ನೆನಪಿಗೆ ಬರುವುದು 1998ರಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ಉದ್ಘಾಟಿಸಿದ ಸೈಬರ್ ಟವರ್ಸ್ ಸೌಧ. ಅದರ ಸುತ್ತ ಕಂಪ್ಯೂಟರ್ ಕಚೇರಿಗಳು ಬೆಳೆದಂತೆ ಇಡ್ಲಿ-ದೋಸೆಯ ಹೋಟೆಲುಗಳೂ ಬೆಳೆದಿವೆ. ಅಂಥದೊಂದು ಹೋಟೆಲಿನಲ್ಲಿ ದುಡಿಯುತ್ತ, ಬಿಡುವಿನಲ್ಲಿ ಕಂಪ್ಯೂಟರ್ ನಕ್ಷೆಗಾರಿಕೆ ಕಲಿಯುತ್ತಿರುವ ನಮ್ಮ ಕಡೆಯ ತರುಣನೊಬ್ಬನನ್ನು ಮೊನ್ನೆ ನಾವು ಕಂಡೆವು. ಅವನ ಮುಖ ಬಾಡಿತ್ತು.

ಗ್ರೈಂಡರಿನ ತಿರುವು ಗುಂಡಿ ಒಡೆದಿತ್ತು. ಹೊಸತನ್ನು ತಾನೇ ಮಾಡಿಸಿಕೊಡುವೆನೆಂದು ಅವನು ಯಜಮಾನರಿಗೆ ಮಾತು ಕೊಟ್ಟಿದ್ದ. ಪರಿಚಿತರೊಬ್ಬರು ಒಡೆದ ಗುಂಡಿಯನ್ನು ಸ್ಕ್ಯಾನ್ ಮಾಡಿ ಎಸ್‌ಟಿಎಲ್ ಕಡತವೊಂದನ್ನು ಕೊಟ್ಟರು. ಅದನ್ನು ಫ್ರೀಕ್ಯಾಡ್ ಎಂಬ ತಂತ್ರಾಂಶಕ್ಕೆ ತಂದಾಗ, ಒಂದೂವರೆ ಅಂಗುಲದ ಗುಂಡಿ ಒಂದೂವರೆ ಮಿಲಿಮೀಟರಿನ ಕಾಳಾಗಿ ಕಾಣಿಸಿತು. ಒಳಗಿನ 6 ಮಿಲಿಮೀಟರ್ ತೂತನ್ನು ಹೊಸ ಕಂಬಿಗೆ ತಕ್ಕಂತೆ 8ಕ್ಕೆ ಏರಿಸಲು ಹೋದರೆ, ತೂತೆಂಬುದೇ ತಂತ್ರಾಂಶಕ್ಕೆ ತಿಳಿಯದು! ಹಾಗೆಯೇ ಮುದ್ರಿಸಿದ್ದರೆ ಅದರ ಖರ್ಚು ಅವನ ಸಂಬಳಕ್ಕೇ ಬೀಳುತ್ತಿತ್ತು, ಮಾತೂ ಹೋಗುತ್ತಿತ್ತು.

ಇದರಲ್ಲಿ ತರುಣನ ದಡ್ಡತನವೇನೂ ಇಲ್ಲ. 1987ರಲ್ಲಿ ಅಮೆರಿಕದ ತ್ರೀಡಿ ಸಿಸ್ಟಮ್ಸ್ ಕಂಪನಿಯ ಯಂತ್ರಗಳಿಗಾಗಿ ರೂಪುಗೊಂಡ ಎಸ್‌ಟಿಎಲ್ ಕಡತದಲ್ಲಿ ವಸ್ತುವಿನ ಹೊರಮೈಯನ್ನು ಆವರಿಸಿದ ತ್ರಿಕೋನಗಳ ಜಾಲರಿ ಮಾತ್ರ ಇರುತ್ತದೆ. ಒಂದು ಘನಚೌಕಕ್ಕೆ 12 ತ್ರಿಕೋನಗಳು ಸಾಕು. ದುಂಡಾದ ಗುಂಡಿಗೆ ಸಾವಿರಾರು ಬೇಕಾದಾವು. ಅಳತೆ ಅಂಗುಲದ್ದೋ ಮಿಲಿಮೀಟರಿನದೋ ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಫ್ರೀಕ್ಯಾಡ್ ಅಂಕಿಗಳನ್ನು ಮಿಲಿಮೀಟರೆಂದೇ ಓದುತ್ತದೆ. ಆದಕಾರಣ ಅಂಗುಲದ ಕಡತವನ್ನು 25.4 ಪಟ್ಟು ಹಿಗ್ಗಿಸಬೇಕು, ಆಗ 1.5 ಎಂಬುದು 38.1 ಮಿಲಿಮೀಟರ್ ಆಗುತ್ತದೆ.

ಎರಡನೆಯದಾಗಿ, ಸ್ಕ್ಯಾನರಿನ ಕಣ್ಣಿಗೆ ಬೀಳದ ಕಡೆ ಜಾಲರಿ ಹರಿದಿರುತ್ತದೆ. ಅದನ್ನು ಮೊದಲು ಪರೀಕ್ಷಿಸಿ ಮುಚ್ಚಬೇಕು. ಬಳಿಕ ಜಾಲರಿಯನ್ನು ಆಕಾರವಾಗಿಯೂ, ಆಕಾರವನ್ನು ಘನವಸ್ತುವಾಗಿಯೂ ಮಾರ್ಪಡಿಸಬಹುದು. ಆದರೆ ಆಗಲೂ ಪ್ರತಿಯೊಂದು ತ್ರಿಕೋನವೂ ಒಂದೊಂದು ಚಪ್ಪಟೆ ಮುಖವಾಗಿಯೇ ಉಳಿಯುತ್ತದೆ. ತ್ರಿಕೋನಗಳು ಬಹಳವಿದ್ದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಒಂದೇ ಸಮತಲದಲ್ಲಿರುವ ಮುಖಗಳನ್ನು ಕೂಡಿಸುವ ಆಜ್ಞೆಯುಂಟು. ದುಂಡುಮೈಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಹೀಗಿರುವಲ್ಲಿ ಗುಂಡಿಯಂಥ ಸರಳ ವಸ್ತುವಿಗೆ ಒಳ್ಳೆಯ ದಾರಿ ಯಾವುದು? ಜಾಲರಿಯನ್ನು ಕಣ್ಣಳತೆಯ ಮಾದರಿಯಾಗಿ ಇಟ್ಟುಕೊಂಡು, ಹಳೆಯ ಗುಂಡಿಯನ್ನೂ ಹೊಸ ಕಂಬಿಯನ್ನೂ ವರ್ನಿಯರಿನಿಂದ ಅಳೆದು, ಅದರ ಮೇಲೆಯೇ ಹೊಸದಾಗಿ ನಕ್ಷೆ ಬರೆಯುವುದು. ಆಗ ತೂತು ನಿಜವಾದ ವೃತ್ತವಾಗಿರುತ್ತದೆ. 6ನ್ನು ಅಳಿಸಿ 8 ಎಂದು ಬರೆದರೆ ಕೆಲಸ ಮುಗಿಯಿತು. ನಮ್ಮ ತರುಣನು ಕಡೆಗೆ ಮಾಡಿದ್ದೂ ಇದನ್ನೇ. ಗುಂಡಿ ಕಂಬಿಗೆ ಸರಿಯಾಗಿ ಕುಳಿತಿತು. ಮರುದಿನದ ಹಿಟ್ಟು ಹೊತ್ತಿಗೆ ಸರಿಯಾಗಿ ರುಬ್ಬಿತು.

ಫ್ರೀಕ್ಯಾಡಿಗೆ ಶುಲ್ಕವಿಲ್ಲ. ಮಾದಾಪುರದ ನೆರೆಯ ರಾಯದುರ್ಗದಲ್ಲಿ 2023ರ ಮಾರ್ಚ್ 2ರಂದು ಉದ್ಘಾಟನೆಯಾದ ಟಿ-ವರ್ಕ್ಸ್ ಇಂಥ ಮಾದರಿಗಳನ್ನು ತಯಾರಿಸುವ ಕೇಂದ್ರವೇ ಆಗಿದೆ. ಆದುದರಿಂದ ನಮ್ಮ ಸೋದರರು ಈ ವಿದ್ಯೆ ದೊಡ್ಡ ಕಚೇರಿಯವರಿಗೇ ಮೀಸಲೆಂದು ಹಿಂಜರಿಯಬೇಕಾಗಿಲ್ಲ. ಕಡತವನ್ನು ಯಾರೂ ತಂದುಕೊಟ್ಟಾರು. ಅಳತೆ ಮಾತ್ರ ನಮ್ಮ ಕೈಯದೇ ಆಗಿರಬೇಕು.